ರುಕ್ಕತ್ತೆ ತಗ್ಗಿಸಿದ ಗಟ್ಟಿಮೇಳ

ರುಕ್ಕತ್ತೆಯ ಮನೆಯಲ್ಲಿ ಕುಕ್ಕರಿಗೆ ಸೀಟಿ ಹೊಡೆಯುವ ಹಕ್ಕಿರಲಿಲ್ಲ. ನಾನು ಬರುವ ದಿನ ಅನ್ನ ತೆರೆದ ಪಾತ್ರೆಯಲ್ಲಿ ಬೇಯುತ್ತಿತ್ತು, ಕರೆಗಂಟೆಯ ತಂತಿ ಕಿತ್ತಿರುತ್ತಿತ್ತು, ಮಾವನ ಮೊಬೈಲಿಗೂ ಬಾಯಿ ಕಟ್ಟಿರುತ್ತಿತ್ತು. ಬೆಳಿಗ್ಗೆ ನನ್ನನ್ನು ಯಾರೂ ಕೂಗಿ ಎಬ್ಬಿಸುವಂತಿರಲಿಲ್ಲ. ಅತ್ತೆಯೇ ಬಂದು ಅಂಗಾಲನ್ನು ಮೆಲ್ಲಗೆ ಒತ್ತುತ್ತಿದ್ದರು. ನಾನು ಕಣ್ಣು ಬಿಡುವವರೆಗೂ ಕೈ ತೆಗೆಯುತ್ತಿರಲಿಲ್ಲ.

ಅವರು ನನ್ನ ಅಪ್ಪನ ಅಕ್ಕ. ನಮ್ಮದು ಕೊಯಮತ್ತೂರಿನ ಕಡೆ ತಲೆಮಾರುಗಳಿಂದ ಮಗ್ಗ ನೇಯ್ದ ಕನ್ನಡದ ಮನೆತನ. ಮಗ್ಗ ಬಿಟ್ಟೆದ್ದು ಹೋಗಿ, ಊರಂಚಿನ ಶರವಣಂಪಟ್ಟಿಯ ಕಾಲೇಜೊಂದರಲ್ಲಿ ಹೃದಯದ ಜೀವಕೋಶ ಬೆಳೆಸುವ ಕೆಲಸ ಹಿಡಿದವರು ಅತ್ತೆ ಒಬ್ಬರೇ. ಚಿಕ್ಕಂದಿನಲ್ಲಿ ಅಲಾರಂ ಬಡಿದು ನಾನು ಎಚ್ಚರ ತಪ್ಪಿದಾಗ ಮನೆಯವರು ಮೂರ್ಛೆರೋಗವೆಂದು ತಾಯತ ಕಟ್ಟಿಸಿದರು. ತಾಯತ ಇರಲಿ ಎಂದ ಅತ್ತೆ, ನನ್ನನ್ನು ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ದಿಢೀರ್ ಸದ್ದಾದರೆ ನನ್ನ ಹೃದಯ ತಾಳ ತಪ್ಪುತ್ತದೆ, ನಿಂತೇ ಹೋಗಬಹುದು ಎಂದು ತಿಳಿದದ್ದು ಆಗಲೇ. ಮಾತ್ರೆ ಶುರುವಾಯಿತು.

ಒಮ್ಮೆ ಲ್ಯಾಬಿಗೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಮೊದಲು ತೋರಿಸಿದ್ದು ಆರೋಗ್ಯವಂತ ಜೀವಕೋಶ. ಅದರ ಅಂಚಿನ ಸುತ್ತ ಹಸಿರು ಬೆಳಕು. ಆಮೇಲೆ ನನ್ನಲ್ಲಿರುವ ದೋಷವನ್ನೇ ಇಟ್ಟು ಬೆಳೆಸಿದ್ದು. ಅದರ ಅಂಚು ಕತ್ತಲೆ, ಹಸಿರೆಲ್ಲ ನಡುವೆಯೇ ಗುಂಪುಗಟ್ಟಿತ್ತು. ಆ ಹಸಿರು ಒಂದು ಪ್ರೋಟೀನು, ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲು. ಅದು ಒಳಗೆ ತಯಾರಾಗಿ, ಸರಿಯಾಗಿ ಮಡಿಚಿಕೊಂಡಿದೆಯೇ ಎಂಬ ತಪಾಸಣೆ ದಾಟಿ, ಪುಟ್ಟ ಚೀಲದಲ್ಲಿ ಕೂತು, ಸಣ್ಣ ಎಳೆಗಳ ಮೇಲೆ ಸಾಗಿ ಮೇಲ್ಮೈ ಸೇರಬೇಕು. ಸೇರಿದರೇ ಹೃದಯ ಒಂದು ಬಡಿತ ಮುಗಿಸಿ ಇನ್ನೊಂದಕ್ಕೆ ಅಣಿಯಾಗುವುದು. ನನ್ನದು ತಪಾಸಣೆಯಲ್ಲೇ ಸಿಕ್ಕಿಬಿದ್ದಿತ್ತು. ನೋಡುತ್ತ ಅಳು ಬಂತು.

"ಅಳಬ್ಯಾಡ ಕಣ್ಣು," ಎಂದರು ಅತ್ತೆ, ತಮಿಳಿನ ಮುದ್ದುಮಾತು ಬೆರೆಸಿ. "ತಿರುಪ್ಪೂರ್ ಬನಿಯನ್ ಕಂಪನೀಲಿ ಹೊಲಿಗೆ ಕೊಂಜ ಸೊಟ್ಟ ಆದ್ರೂ ಚೆಕಿಂಗ್‌ನೋರು ಒಳಗೇ ತಳ್ಳಿಬಿಡ್ತಾರಲ್ಲ, ಹಂಗೆ. ಹಾಕ್ಕೊಂಡ್ರೆ ಚೆನ್ನಾಗೇ ಇರ್ತದೆ. ನಿನ್ ಬಾಗ್ಲು ಕೆಟ್ಟಿಲ್ಲ. ಮೇಲಕ್ಕೆ ಬರಕ್ಕೆ ಬಿಡ್ತಿಲ್ಲ, ಅಷ್ಟೇ."

ಅದನ್ನು ಮೇಲಕ್ಕೆ ತರುವುದೇ ಅವರ ಜೀವಮಾನದ ಕೆಲಸವಾಯಿತು. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಆಗಾಗ ಒಂದಿಷ್ಟು ಹಸಿರು ಅಂಚಿಗೆ ಬರುತ್ತಿತ್ತು. ಆ ದಿನ ಅತ್ತೆ ಮೈಸೂರುಪಾಕು ತರುತ್ತಿದ್ದರು. ನನ್ನ ಎದೆಗೆ ಆಗುವ ಔಷಧಿ ಮಾತ್ರ ಬರಲಿಲ್ಲ. ಬರುವವರೆಗೆ ಊರಿನ ಸದ್ದನ್ನೆಲ್ಲ ತಾವೇ ಅಡ್ಡ ನಿಂತು ತಡೆಯುತ್ತೇನೆಂದು ಹೊರಟರು, ಪುಣ್ಯಾತ್ಗಿತ್ತಿ.

ನನ್ನ ಮದುವೆಯಲ್ಲಿ ನಡೆದದ್ದೂ ಅದೇ. ತಾಳಿ ಕಟ್ಟುವಾಗ ಗಟ್ಟಿಮೇಳ ಒಮ್ಮೆಗೇ ಸಿಡಿಯುತ್ತದೆ. ಯಾರಾದರೂ ಸೀನಿದರೆ ಕೇಳಿಸಬಾರದೆಂದೇ ಆ ಅಬ್ಬರ. ಅತ್ತೆ ರೇಷ್ಮೆ ಸೀರೆಯಲ್ಲೇ ಹೋಗಿ ಡೋಲಿನವರ ಮಗ್ಗುಲಲ್ಲಿ ಕೂತರು. ಮೆಲ್ಲಗೆ ಶುರುಮಾಡಿ ಆಮೇಲೆ ಏರಿಸಬೇಕೆಂದು ತಮಿಳಿನಲ್ಲಿ ತಾಕೀತು ಮಾಡಿದರು. ಅಪಶಕುನವೆಂದು ದೊಡ್ಡಮ್ಮ ಗೊಣಗಿದರು.

"ಸೀನೋರು ಸೀನ್ಲಿ ಅತ್ತಿಗೆ," ಎಂದರು ಅತ್ತೆ. "ತಾಳಿ ಕಟ್ಟಿಸ್ಕೊಳಕ್ಕೆ ಹುಡುಗಿ ಇರ್ಬೇಕಲ್ಲ."

ನನ್ನ ಗಟ್ಟಿಮೇಳ ದೂರದ ಬೀದಿಯಿಂದ ನಡೆದು ಬಂದ ಹಾಗೆ ಬಂತು. ಯಾರೋ ಸೀನಿದ್ದೂ ಸ್ಪಷ್ಟವಾಗಿ ಕೇಳಿಸಿತು. ಹೋಮದ ಹೊಗೆಗೆ ನನ್ನ ಗಂಡನೇ ಸೀನಿದ್ದು. ಇವತ್ತಿಗೂ ಒಪ್ಪುವುದಿಲ್ಲ.

ಹೋದ ತಿಂಗಳು ಅತ್ತೆ ತೀರಿಕೊಂಡರು. ನಮ್ಮ ಕಡೆ ಸಾವಿನ ಮನೆಯೆಂದರೆ ತಮಟೆ, ಶಂಖ, ಪಟಾಕಿ. ಕೊನೆಯ ಬಾರಿ ಮುಖ ನೋಡುವುದಕ್ಕೂ ಆಗದೇನೋ ಎಂದು ಹೆದರುತ್ತಲೇ ಹೋದೆ. ಬೀದಿಯಲ್ಲಿ ಸದ್ದೇ ಇಲ್ಲ. ತಮಟೆಯವರು ಮೂಲೆಯ ಅಂಗಡಿಯ ಮುಂದೆ, ತಮಟೆಗಳನ್ನು ಮಡಿಲಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದರು. ಅತ್ತೆ ಆಸ್ಪತ್ರೆಯಲ್ಲಿರುವಾಗಲೇ ಮಾವನಿಗೆ ಹೇಳಿಟ್ಟಿದ್ದರಂತೆ: "ಅವ್ಳು ಬಂದು ನೋಡ್ಕೊಂಡು ಹೋಗ್ಲಿ. ಆಮೇಲೆ ಚೆನ್ನಾಗಿ ಬಾರ್ಸಕ್ಕೆ ಹೇಳಿ. ತಮಟೆ ಅಂದ್ರೆ ನಂಗೆ ಆಸೆ."

ಆಸೆಯಂತೆ! ಇಷ್ಟು ವರ್ಷ ಒಂದು ದಿನವೂ ನನ್ನೆದುರು ಹೇಳಿದವರಲ್ಲ.

ಒಳಗೆ ಹೋಗಿ ಅವರ ಕಾಲ ಬಳಿ ಕೂತೆ. ಅಂಗಾಲು ತಣ್ಣಗಿತ್ತು. ಮೆಲ್ಲಗೆ ಒತ್ತಿದೆ. ಕಣ್ಣು ಬಿಡುವವರೆಗೂ ಕೈ ತೆಗೆಯಬಾರದಲ್ಲ, ಹಾಗೇ ಕೂತಿದ್ದೆ. ಬೀದಿಯ ಮೂಲೆಯಲ್ಲಿ ತಮಟೆಯವರು ಕಾಯುತ್ತಿದ್ದರು.