ಆರದ ಕರವಸ್ತ್ರ

ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಮಡಿಕೆಯಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಅದನ್ನು ಮಡಕೆಯಕ್ಕ ಎಂದು ಕೇಳಿಸಿಕೊಂಡು, ಅವಳ ದುಂಡು ಮೈಯನ್ನೊಮ್ಮೆ ನೋಡಿ, ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. "ನಕ್ಬಿಡಿ, ನಕ್ಬಿಡಿ. ಒಳಗೇ ಇಟ್ಕೊಂಡ್ರೆ ಹೊಟ್ಟೆನೋವು ಬರತ್ತೆ," ಎಂದು ತಾನೇ ದಾರಿ ಮಾಡಿಕೊಡುತ್ತಿದ್ದಳು. ನಿಜಕ್ಕೂ ಆ ಹೆಸರು ಬಂದದ್ದು ಅವಳು ಬಟ್ಟೆ ಮಡಿಸುವ ರೀತಿಯಿಂದ. ಅವಳ ಕೈಯಲ್ಲಿ ಮಡಿಕೆಯಾದ ಹಾಸುಬಟ್ಟೆಗಳನ್ನು ಎದೆಯೆತ್ತರಕ್ಕೆ ಒಟ್ಟಿದರೂ ಅಂಚು ದಾರ ಹಿಡಿದ ಹಾಗೆ ನೇರವಾಗಿರುತ್ತಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ. ಒಂದು ತುದಿಗೆ ಒಗೆಯುವ ಯಂತ್ರಗಳು, ಇನ್ನೊಂದು ತುದಿಗೆ ಇಸ್ತ್ರಿಯ ಉರುಳೆ. ಬಾಯ್ಲರಿನ ಉಗಿಯಿಂದ ಕಾದಿರುತ್ತಿದ್ದ ಆ ಉರುಳೆಯೊಳಕ್ಕೆ ಒದ್ದೆ ಹಾಸುಬಟ್ಟೆಯನ್ನು ಬಿಟ್ಟರೆ ಆಚೆ ಕಡೆ ಗರಿಗರಿಯಾಗಿ ಬರುತ್ತಿತ್ತು. ಬಟ್ಟೆಯಲ್ಲಿದ್ದ ನೀರು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಹಬೆಯಾಗಿ ಅಲ್ಲೇ ಹೆಂಗಸರ ಮುಖಕ್ಕೆ ಹೊಡೆದು, ತಗಡಿಗೆ ತಾಗಿ, ಮತ್ತೆ ಹನಿಯಾಗಿ ನೆತ್ತಿಯ ಮೇಲೆ ಬೀಳುತ್ತಿತ್ತು. ಗಾಳಿ ಹೊರಗೆ ತಳ್ಳುವ ಫ್ಯಾನುಗಳು ಎರಡು. ಅದರಲ್ಲೊಂದು ಕೆಟ್ಟು ಎರಡು ವರ್ಷವಾಗಿ, ಅದರ ರೆಕ್ಕೆಗಳ ನಡುವೆ ಪಾರಿವಾಳ ಸಂಸಾರ ಹೂಡಿತ್ತು.

ಉರುಳೆಯಿಂದ ಬಂದ ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು. ಮಡಿಕೆಯಕ್ಕನ ಎದುರು ತುದಿ ಹಿಡಿಯುತ್ತಿದ್ದವಳು ಬೇರಾರೂ ಅಲ್ಲ, ಅವಳ ವಾರಗಿತ್ತಿ, ಮೈದುನನ ಹೆಂಡತಿ. ಅತ್ತೆ ಬಿಟ್ಟುಹೋದ ಹೊಲಿಗೆ ಯಂತ್ರ ಯಾರ ಪಾಲಿಗೆ ಎಂಬ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಯಂತ್ರ ವಾರಗಿತ್ತಿಯ ಮನೆ ಸೇರಿತು. ಇಬ್ಬರಿಗೂ ಹೊಲಿಗೆ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ದಿನಕ್ಕೆ ಮುನ್ನೂರು ಸಲ ಎದುರುಬದುರು ನಡೆದು ಬಂದು, ಕೈಗೆ ಕೈ ತಾಗಿಸಿ ಬಟ್ಟೆಯ ತುದಿ ದಾಟಿಸಿ, ಮುಖ ಮಾತ್ರ ತಿರುಗಿಸಿಕೊಂಡಿರುತ್ತಿದ್ದರು. ಹೇಳಲೇಬೇಕಾದ್ದಿದ್ದರೆ ಬಾಯ್ಲರಿನವನ ಮೂಲಕ. "ಆ ಕಡೆಯವರಿಗೆ ಹೇಳಪ್ಪ, ಅಂಚು ಜಾರ್ತಿದೆ ಅಂತ." ಅವನು ಬಟ್ಟೆಯತ್ತ ತಿರುಗಿ, "ಅಂಚೇ, ಜಾರ್ಬೇಡ," ಎನ್ನುತ್ತಿದ್ದ.

ಆ ವರ್ಷದ ಬೇಸಿಗೆ ಎಲ್ಲ ವರ್ಷದಂತಿರಲಿಲ್ಲ. ಬಿಸಿಲು ಸುಡುವುದು ಹಳೆಯ ಮಾತು. ಈ ಸಲ ಗಾಳಿಯೇ ಒದ್ದೆ ಕಂಬಳಿಯಂತೆ ಮೈಗೆ ಸುತ್ತಿಕೊಂಡಿತು. ಎಲೆ ಅಲುಗುತ್ತಿರಲಿಲ್ಲ. ಬೆಳಿಗ್ಗೆ ತಂತಿಗೆ ಹಾಕಿದ ರವಿಕೆ ಸಂಜೆಗೂ ಹಸಿಹಸಿ. ಆಸ್ಪತ್ರೆಯಲ್ಲಿ ಒಂದು ಆದೇಶವಿತ್ತು: ಕೆಲಸದ ಜಾಗದಲ್ಲಿ ನಲವತ್ತು ಡಿಗ್ರಿ ದಾಟಿದರೆ ಗಂಟೆಗೊಮ್ಮೆ ವಿರಾಮ. ಸೂಪರ್‌ವೈಸರು ಶೆಡ್ಡಿನ ಮೂಲೆಯ ತಮ್ಮ ಕೋಣೆಯ ಬಾಗಿಲಿಗೆ ಥರ್ಮಾಮೀಟರ್ ನೇತುಹಾಕಿ ದಿನಾ ನೋಡುತ್ತಿದ್ದರು. ಮೂವತ್ತಾರು, ಮೂವತ್ತೇಳು. ಒಂದು ದಿನ ಮೂವತ್ತೆಂಟು. "ನಲವತ್ತಾಗ್ಲಿ, ನಾನೇ ಬಂದು ಸ್ವಿಚ್ ಆಫ್ ಮಾಡ್ತೀನಿ," ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಕಾಗದದಲ್ಲಿ ಬರೆದದ್ದನ್ನು ಬಿಟ್ಟು ಬೇರೆ ನೋಡಲು ಹೆದರುವ ಮನುಷ್ಯ.

ಒಂದು ಮಂಗಳವಾರ ಮಧ್ಯಾಹ್ನ ಹಾಸುಬಟ್ಟೆಯ ಆ ತುದಿ ಸಡಿಲವಾಯಿತು. ಮಡಿಕೆಯಕ್ಕ ಸಿಡುಕಿನಿಂದಲೇ ತಲೆಯೆತ್ತಿದಳು. ವಾರಗಿತ್ತಿಯ ಮುಖ ಕೆಂಪೇರಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. "ಅಕ್ಕಾ, ಬಾಗಿಲು ತೆಗೀರಿ, ಅತ್ತೆ ಬಂದಿದಾರೆ," ಎಂದಳು. ಆರು ವರ್ಷದ ಮೇಲೆ ಆಡಿದ ಮೊದಲ ಮಾತು. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತಲ್ಲ! ಮಡಿಕೆಯಕ್ಕ ತನ್ನ ತುದಿ ಕೈಬಿಟ್ಟಳು. ಹೋಗಿ ಹಿಡಿದುಕೊಳ್ಳುವಷ್ಟರಲ್ಲಿ ವಾರಗಿತ್ತಿ ಬಟ್ಟೆಯ ಸಮೇತ ನೆಲಕ್ಕೆ ಕುಸಿದಳು. ಮೈ ಮುಟ್ಟಿದರೆ ಉರುಳೆ ಮುಟ್ಟಿದ ಹಾಗೆ.

ಅಳುತ್ತ ನಿಲ್ಲುವ ಹೊತ್ತಲ್ಲ ಅದು. "ಬನ್ನಿ, ಎತ್ತಿ, ಹೊರಗೆ!" ಎಂದು ಅವಳು ಕೂಗಿದ ದನಿಗೆ ನಾಲ್ವರು ಓಡಿ ಬಂದರು. ಬಟ್ಟೆ ಸಾಗಿಸುವ ಗಾಡಿಯಲ್ಲೇ ಮಲಗಿಸಿದರು. ತೊಳೆದು ಬಂದ ತಣ್ಣನೆಯ ಒದ್ದೆ ಹಾಸುಬಟ್ಟೆಯನ್ನು ಮೈತುಂಬ ಹೊದಿಸಿ, ಇಬ್ಬರಿಗೆ ರಟ್ಟಿನ ಹಾಳೆಯಿಂದ ಬೀಸುತ್ತ ಬರುವಂತೆ ಹೇಳಿ, ಅವಳೇ ಗಾಡಿ ತಳ್ಳಿದಳು. ಕಾರಿಡಾರಿನ ಉದ್ದಕ್ಕೂ, "ಪಕ್ಕ, ಪಕ್ಕ!" ಎಂದು ಅರಚುತ್ತ, ಎದುರಿಗೆ ಬಂದ ಹಿರಿಯ ವೈದ್ಯರೊಬ್ಬರನ್ನೇ ಗೋಡೆಗೆ ಒತ್ತರಿಸಿ, ತುರ್ತು ಚಿಕಿತ್ಸೆಯ ಬಾಗಿಲು ತಲುಪಿದಳು.

ವಾರಗಿತ್ತಿ ಉಳಿದುಕೊಂಡಳು. ಎರಡನೆಯ ದಿನ ಕಣ್ಣು ಬಿಟ್ಟಳು, ಐದನೆಯ ದಿನ ಗಂಜಿ ಕುಡಿದಳು. ವಾರ್ಡಿನ ಡಾಕ್ಟರು ಮಡಿಕೆಯಕ್ಕನನ್ನು ಕರೆದು ಹೇಳಿದರು. "ಒಳ್ಳೆ ಕೆಲ್ಸ ಮಾಡಿದ್ರಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿದ್ದು. ಇನ್ನು ಅರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು."

"ಡಾಕ್ಟ್ರೇ, ಅವ್ಳಿಗೆ ಬೆವರು ಧಾರಾಕಾರ ಸುರೀತಿತ್ತಲ್ಲ? ಬೆವರು ಬಂದ್ರೆ ಮೈ ತಣ್ಣಗಾಗತ್ತೆ ಅಂತಾರಲ್ಲ?"

"ಬೆವರು ಬಂದ್ರೆ ಸಾಲ್ದಮ್ಮ, ಆರ್ಬೇಕು. ಗಾಳೀಲಿ ತೇವ ತುಂಬಿದ್ರೆ ಆರೋದಿಲ್ಲ. ಸುಮ್ನೆ ಸುರೀತಿರತ್ತೆ, ಶಾಖ ಒಳಗೇ ಉಳ್ಕೊಳತ್ತೆ. ಕೊನೆಗೆ ಮೈಯೇ ಕೈಚೆಲ್ಲತ್ತೆ."

ಮನೆಗೆ ನಡೆದು ಬರುವಾಗ ಆ ಮಾತು ಅವಳ ತಲೆಯನ್ನು ಕೊರೆಯಿತು. ಆರಬೇಕು. ಆರುವುದು, ಆರದಿರುವುದು, ಇದರ ಬಗ್ಗೆ ಈ ಊರಿನಲ್ಲಿ ತನಗಿಂತ ಹೆಚ್ಚು ಗೊತ್ತಿರುವವರು ಯಾರು? ಇಪ್ಪತ್ತೊಂಬತ್ತು ವರ್ಷ ಆರುವುದನ್ನೇ ನೋಡಿಕೊಂಡು ಬಂದವಳಲ್ಲವೇ ಅವಳು? ಥರ್ಮಾಮೀಟರಿಗೆ ಬಿಸಿ ಗೊತ್ತು, ತೇವ ಗೊತ್ತಿಲ್ಲ. ಬಟ್ಟೆಗೆ ಎರಡೂ ಗೊತ್ತು.

ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಯಾವುದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ. "ನಂಗೊಂದು ಗಡಿಯಾರ ಬೇಕು," ಎಂದಳು.

"ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಕೇಳಿದ್ಯಲ್ಲ! ಚಿನ್ನದ್ದೋ, ಬೆಳ್ಳೀದೋ?"

"ನಿಮಿಷ ಸರಿಯಾಗಿ ತೋರಿಸೋದು."

ಮರುದಿನದಿಂದ ಅವಳ ಪರೀಕ್ಷೆ ಶುರುವಾಯಿತು. ಒಂದೇ ಅಳತೆಯ ನಾಲ್ಕು ಹತ್ತಿಯ ಕರವಸ್ತ್ರ ತಂದಳು. ಗಂಟೆಗೊಮ್ಮೆ ಒಂದನ್ನು ನೆನೆಸಿ, ಒಂದೇ ಬಿಗಿಯಲ್ಲಿ ಹಿಂಡಿ, ಮಡಿಸುವ ಮೇಜಿನ ಪಕ್ಕದ ತಂತಿಗೆ ಹಾಕಿ ಸಮಯ ನೋಡಿದಳು. ಹೊರಗೆ ಸ್ವಲ್ಪ ಗಾಳಿಯಾಡುತ್ತಿದ್ದ ಬೆಳಿಗ್ಗೆ ಇಪ್ಪತ್ತೈದು ನಿಮಿಷಕ್ಕೆ ಆರಿತು. ಹತ್ತು ಗಂಟೆಗೆ ಮುಕ್ಕಾಲು ಗಂಟೆ. ಮಧ್ಯಾಹ್ನ ಒಂದಕ್ಕೆ ಹಾಕಿದ್ದು ಒಂದೂವರೆ ಗಂಟೆಯಾದರೂ ಕೆನ್ನೆಗಿಟ್ಟರೆ ತಣ್ಣಗೆ ಅಂಟುತ್ತಿತ್ತು. ಬಟ್ಟೆ ಆರದ ಹೊತ್ತಿನಲ್ಲೇ ಹೆಂಗಸರಿಗೆ ತಲೆ ಸುತ್ತುವುದು, ಕಾಲು ಹಿಡಿದುಕೊಳ್ಳುವುದು, ವಾಕರಿಕೆ. ಒಂಬತ್ತು ದಿನ ಬಿಡದೆ ಹಳೆಯ ಬಟ್ಟೆಚೀಟಿಗಳ ಹಿಂಬದಿಯಲ್ಲಿ ಬರೆದಿಟ್ಟಳು. ಬಾಯ್ಲರಿನವನು ಮೊದಲು ನಕ್ಕ. ನಾಲ್ಕನೆಯ ದಿನ ತಾನೇ, "ಅಕ್ಕಾ, ಹನ್ನೆರಡು ಗಂಟೆದು ನೆನೆಸಿದ್ರಾ?" ಎಂದು ಕೇಳತೊಡಗಿದ.

ಚೀಟಿಗಳ ಕಟ್ಟು ಹಿಡಿದು ಸೂಪರ್‌ವೈಸರ ಮುಂದೆ ನಿಂತಳು. ಅವರು ಒಂದೊಂದಾಗಿ ತಿರುವಿ ಹಾಕಿ ನಿಟ್ಟುಸಿರಿಟ್ಟರು.

"ಅಕ್ಕಾ, ನಿಮ್ಮ ಸಂಕಟ ನಂಗೆ ಅರ್ಥ ಆಗತ್ತೆ. ಆದ್ರೆ ಆದೇಶದಲ್ಲಿ ಡಿಗ್ರಿ ಅಂತಿದೆ, ಕರವಸ್ತ್ರ ಅಂತಿಲ್ಲ. ನಾಳೆ ಹಾಸುಬಟ್ಟೆ ಇಲ್ದೆ ಆಪರೇಷನ್ ನಿಂತ್ರೆ ಯಾರ ತಲೆ ಹೋಗತ್ತೆ?"

"ನಿಲ್ಲಬಾರ್ದು ಸರ್. ನಾನೂ ಅದನ್ನೇ ಹೇಳೋದು. ಬೆಳಿಗ್ಗೆ ಎಂಟಕ್ಕೆ ಬರೋ ಬದ್ಲು ನಾಲ್ಕೂವರೆಗೆ ಬರ್ತೀವಿ. ಹನ್ನೆರಡರಿಂದ ನಾಲ್ಕು ಉರುಳೆ ಬಂದ್. ಉಳಿದದ್ದು ಸಂಜೆ."

"ನಾಲ್ಕೂವರೆಗಾ? ಯಾರು ಬರ್ತಾರೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಹನ್ನೆರಡು ಹೆಂಗಸರನ್ನು ಕೂರಿಸಿಕೊಂಡು ಹೇಳಿದಾಗ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಮನೆಯಲ್ಲಿ ಅಡುಗೆ ಯಾರು ಮಾಡುವುದು, ಮಗುವನ್ನು ಶಾಲೆಗೆ ಯಾರು ಕಳಿಸುವುದು, ಆ ಹೊತ್ತಿಗೆ ಬಸ್ಸೆಲ್ಲಿ? ಮಡಿಕೆಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ನಾಲ್ಕು ದಿನ ಮನೆಮನೆಗೆ ಹೋದಳು. ಒಬ್ಬಳ ಅತ್ತೆಯನ್ನು ಒಪ್ಪಿಸಿದಳು, ಇನ್ನೊಬ್ಬಳ ಗಂಡನಿಗೆ, "ಸ್ಟೌ ಹಚ್ಚಕ್ಕೂ ಹೆಂಡ್ತಿ ಬೇಕೇನಪ್ಪ?" ಎಂದು ಮುಖಕ್ಕೆ ಹೇಳಿದಳು. ಆಸ್ಪತ್ರೆಗೆ ಹಾಲು ತರುವ ವ್ಯಾನಿನ ಡ್ರೈವರನ್ನು ಹಿಡಿದು, ಖಾಲಿ ಜಾಗದಲ್ಲಿ ಹೆಂಗಸರನ್ನು ಕರೆತರಲು ಒಪ್ಪಿಸಿದಳು. ತನ್ನ ಮನೆಯಲ್ಲಿ ಅಡುಗೆ ಗಂಡನ ಪಾಲಿಗೆ ಬಂತು. ಅವನು ಮೊದಲ ದಿನ ಮಾಡಿದ ಅನ್ನವನ್ನು ನೋಡಿ, "ಇದನ್ನೂ ಭೂತಗನ್ನಡಿ ಹಾಕ್ಕೊಂಡೇ ಮಾಡಿದ್ರಾ?" ಎಂದಳು. ಕೊನೆಗೆ ಹನ್ನೊಂದು ಜನ ಹೂಂ ಎಂದರು. ಒಬ್ಬಳಿಗೆ ಹಾಸಿಗೆ ಹಿಡಿದ ತಾಯಿ ಇದ್ದಳು, ಅವಳಿಗೆ ಆಗಲಿಲ್ಲ.

ಇಷ್ಟಾದರೂ ಸೂಪರ್‌ವೈಸರು, "ಮೇಲೆ ಬರೆದಿದೀನಿ, ಉತ್ತರ ಬರ್ಲಿ," ಎನ್ನುತ್ತಲೇ ಇದ್ದರು. ಉತ್ತರ ಬರಲಿಲ್ಲ. ಬಂದದ್ದು ಇನ್ನೊಂದು ಉಸಿರುಗಟ್ಟುವ ಮಧ್ಯಾಹ್ನ. ಹನ್ನೆರಡಕ್ಕೆ ಹಾಕಿದ ಕರವಸ್ತ್ರ ಒಂದೂಕಾಲಾದರೂ ಆರಿರಲಿಲ್ಲ. ಉರುಳೆಗೆ ಬಟ್ಟೆ ಬಿಡುತ್ತಿದ್ದ ಹೆಂಗಸು ಗೋಡೆ ಹಿಡಿದು ನಿಂತಿದ್ದಳು. ಮಡಿಕೆಯಕ್ಕ ಕರವಸ್ತ್ರವನ್ನು ಕೆನ್ನೆಗಿಟ್ಟು ನೋಡಿದಳು. ನೇರ ಹೋಗಿ ಉರುಳೆಯ ಕೆಂಪು ಗುಂಡಿ ಒತ್ತಿದಳು. ಅಷ್ಟು ದೊಡ್ಡ ಯಂತ್ರ ಗೊರಗೊರ ಎಂದು ನಿಂತಾಗ ಶೆಡ್ಡಿನಲ್ಲಿ ಪಾರಿವಾಳದ ಸದ್ದೂ ಕೇಳಿಸಿತು.

"ಎಲ್ರೂ ಹೊರಗೆ ನಡೀರಿ. ಮರದ ಕೆಳಗೆ ಕೂತು ನೀರು ಕುಡೀರಿ."

ಸೂಪರ್‌ವೈಸರು ಓಡಿ ಬಂದರು. "ಏನಿದು? ಯಾರ ಅಪ್ಪಣೆ?"

"ನನ್ನದೇ ಸರ್. ನನ್ನ ಹೆಸರು ಬರ್ಕೊಳಿ. ಇನ್ನೊಬ್ಬಳನ್ನ ಗಾಡೀಲಿ ಹಾಕ್ಕೊಂಡು ಓಡೋ ಶಕ್ತಿ ನಂಗಿಲ್ಲ."

ಅರ್ಧ ಗಂಟೆಯಲ್ಲಿ ಸುದ್ದಿ ಮೇಲಿನ ಮಹಡಿ ಮುಟ್ಟಿ, ಆಸ್ಪತ್ರೆಯ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮನೇ ಇಳಿದು ಬಂದರು. ಅವರ ಹುಬ್ಬು ಗಂಟಿಕ್ಕಿತ್ತು. ಮಡಿಕೆಯಕ್ಕ ಚೀಟಿಯ ಕಟ್ಟು ಕೊಟ್ಟು, "ಓದೋ ಮುಂಚೆ ಒಂದೇ ಒಂದು ಸಹಾಯ ಮಾಡಿ ಡಾಕ್ಟ್ರಮ್ಮ. ಈ ಮೇಜಿನ ಹತ್ರ ಹದಿನೈದು ನಿಮಿಷ ನಿಂತ್ಕೊಳಿ. ಉರುಳೆ ನಾನು ಒಬ್ಬಳೇ ಓಡಿಸ್ತೀನಿ," ಎಂದಳು.

ಸೂಪರ್‌ವೈಸರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಡಾಕ್ಟರಮ್ಮ ನಿಂತರು. ತಣ್ಣನೆಯ ಕೋಣೆಯಿಂದ ಬಂದವರ ಕನ್ನಡಕ ಕ್ಷಣಾರ್ಧದಲ್ಲಿ ಮಂಜಾಯಿತು. ಒರೆಸಿದರು, ಮತ್ತೆ ಮಂಜಾಯಿತು. ಐದು ನಿಮಿಷಕ್ಕೆ ಕುತ್ತಿಗೆಯಿಂದ ನೀರಿಳಿಯಿತು. ಹನ್ನೊಂದನೆಯ ನಿಮಿಷಕ್ಕೆ ಮೇಜು ಹಿಡಿದುಕೊಂಡು, "ಸಾಕು, ಆಫ್ ಮಾಡಿ," ಎಂದರು.

ಹೊರಗೆ ಮರದ ಕೆಳಗೆ ಹೆಂಗಸರ ನಡುವೆಯೇ ಕೂತು ಚೀಟಿಗಳನ್ನೆಲ್ಲ ಓದಿದರು. "ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಅಳೆಯೋ ಪದ್ಧತಿ ಇದೆ ಗೊತ್ತಾ? ಅದಕ್ಕೊಂದು ಉಪಕರಣವೇ ಇದೆ," ಎಂದರು.

"ಇರ್ಲಿ ಡಾಕ್ಟ್ರಮ್ಮ, ತರಿಸಿ. ಅದು ಬರೋವರ್ಗೂ ಇದು ನಡೀಲಿ."

ಡಾಕ್ಟರಮ್ಮ ಮೊದಲ ಸಲ ನಕ್ಕರು. ನಾಲ್ಕೂವರೆಯ ಸರದಿ, ಮಧ್ಯಾಹ್ನ ಉರುಳೆ ಬಂದ್, ಹದಿನೈದು ದಿನ ಪ್ರಯೋಗಕ್ಕೆ ಅಂತ ಅಲ್ಲೇ ಕೂತು ಬರೆದುಕೊಟ್ಟರು.

ಎಲ್ಲವೂ ಹೂವೆತ್ತಿದಂತೆ ಆಯಿತು ಎನ್ನುವಂತಿಲ್ಲ. ಮೊದಲ ವಾರ ಗೌನುಗಳು ಸಾಲದೆ ಎರಡು ಆಪರೇಷನ್ ಗಂಟೆಗಟ್ಟಲೆ ತಡವಾದವು. ದಾದಿಯರು ಬಂದು ಜಗಳವಾಡಿದರು. ಮಡಿಕೆಯಕ್ಕ ತಪ್ಪು ಒಪ್ಪಿಕೊಂಡು, ಆಪರೇಷನ್ನಿನ ಬಟ್ಟೆಯೆಲ್ಲ ಬೆಳಗಿನ ಮೊದಲ ಸರದಿಗೇ ಬರುವಂತೆ ಕ್ರಮ ಬದಲಿಸಿದಳು. ತಾಯಿಯನ್ನು ನೋಡಿಕೊಳ್ಳಬೇಕಿದ್ದವಳು ಕೆಲಸ ಬಿಟ್ಟುಹೋದಳು. ಅದು ಮಡಿಕೆಯಕ್ಕನ ಮನಸ್ಸಿನಲ್ಲಿ ಮುಳ್ಳಾಗಿಯೇ ಉಳಿಯಿತು. ಆದರೆ ಕೆಟ್ಟ ಫ್ಯಾನು ಬದಲಾಯಿತು. ಅದಕ್ಕೂ ಮುಂಚೆ ಬಾಯ್ಲರಿನವನು ಪಾರಿವಾಳದ ಗೂಡನ್ನು ಮರಿಗಳ ಸಮೇತ ಕಿಟಕಿಯ ಮೇಲಿನ ಕಟ್ಟೆಗೆ ಸಾಗಿಸಿದ್ದ. ಬೇಸಿಗೆ ಮುಗಿಯುವವರೆಗೆ ಲಾಂಡ್ರಿಯಲ್ಲಿ ಮತ್ತಾರೂ ಕುಸಿದು ಬೀಳಲಿಲ್ಲ. ಹದಿನೈದು ದಿನದ ಆದೇಶ ಯಾರೂ ಹಿಂತೆಗೆದುಕೊಳ್ಳದೆ ಹಾಗೇ ಮುಂದುವರಿಯಿತು.

ಆರು ವಾರದ ಮೇಲೆ ವಾರಗಿತ್ತಿ ಕೆಲಸಕ್ಕೆ ಬಂದಳು. ಇನ್ನು ಮೇಲೆ ಶಾಖದ ಹತ್ತಿರ ಸುಳಿಯಕೂಡದೆಂದು ಡಾಕ್ಟರು ಹೇಳಿದ್ದರಿಂದ ವಾರ್ಡುಗಳಿಗೆ ಬಟ್ಟೆ ಹಂಚುವ ಕೆಲಸ ಸಿಕ್ಕಿತು. ಈಗ ಇಬ್ಬರೂ ಮಾತಾಡುತ್ತಿದ್ದರು, ಅಂದರೆ ಆರು ವರ್ಷದ ಬಾಕಿ ಜಗಳವನ್ನೆಲ್ಲ ಸೇರಿಸಿ ಆಡುತ್ತಿದ್ದರು. "ಮೂಕಿಯರಾಗಿದ್ದಾಗ್ಲೇ ನೆಮ್ಮದಿಯಾಗಿತ್ತು," ಎಂದು ಬಾಯ್ಲರಿನವನು ಕೈಮುಗಿದ.

ಆಗಲೇ ಆಸ್ಪತ್ರೆಯ ಅಡುಗೆಮನೆಯ ಮುಖ್ಯ ಅಡುಗೆಯವನು ಒಂದು ಬೆಳಿಗ್ಗೆ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತ ಲಾಂಡ್ರಿಯ ಬಾಗಿಲಲ್ಲಿ ಬಂದು ನಿಂತ. "ಅಕ್ಕಾ, ನಮ್ಮಲ್ಲಿ ಏಳು ಒಲೆ. ಮೊನ್ನೆ ಒಬ್ಬ ಸೌಟು ಹಿಡಿದೇ ಬಿದ್ದ. ಒಂದ್ಸಲ ಬಂದು ನೋಡ್ತೀರಾ?"

ಅವಳು ಕೈ ಒರೆಸಿಕೊಂಡು ಅವನ ಹಿಂದೆಯೇ ಹೊರಟಳು. ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ ಹಿಂಗೋಡೆಯ ಮುಂದೆ ನಿಂತಳು. ಅಲ್ಲಿ ಮೂರು ದೊಡ್ಡ ಕಿಟಕಿಗಳಿದ್ದವು. ಬಣ್ಣದ ಮೇಲೆ ಬಣ್ಣ ಬಳಿದು ಕದಗಳು ಚೌಕಟ್ಟಿಗೆ ಅಂಟಿಹೋಗಿದ್ದವು. "ಇದನ್ನ ತೆಗೆದು ಎಷ್ಟು ವರ್ಷ ಆಯ್ತು?" ಎಂದಳು. ಯಾರಿಗೂ ಗೊತ್ತಿರಲಿಲ್ಲ.

"ಒಂದು ಉಳಿ ತನ್ನಿ, ಒಂದು ಸುತ್ತಿಗೆ ತನ್ನಿ," ಎನ್ನುತ್ತ ಮಡಿಕೆಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಲೆ ಮೇಲಿನ ಪಾತ್ರೆ ಮುಚ್ಚಿ. ಚಕ್ಕೆ ಹಾರತ್ತೆ."