ಹಿಂದಕ್ಕೆ ಸರಿಸಿದ ತಾರೀಖು

ಗಂಗಕ್ಕ, ಆ ಹಾಡು ನಿಮ್ಮದೇ. ನನ್ನ ಕಂಪ್ಯೂಟರ್ ತೋರಿಸಿದ ತಾರೀಖು ಸುಳ್ಳಾಗಿತ್ತು. ಅದು ಸುಳ್ಳೆಂದು ಅಂದೇ, ಹಿರಿಯರ ಮುಂದೆ ಕಟ್ಟೆಯ ಮೇಲೆ ಕೂತಾಗಲೇ, ನನಗೆ ಗೊತ್ತಿತ್ತು.

ರಾಮದುರ್ಗದಲ್ಲಿ ನನ್ನ ಸ್ಟುಡಿಯೋ ಆಗ ಹೊಸದು. ವಿಡಿಯೋ ಜೋಡಿಸುವ ಸಾಫ್ಟ್‌ವೇರ್ ಒಂದು ತಿಂಗಳು ಮಾತ್ರ ಪುಕ್ಕಟೆ ಸಿಗುತ್ತಿತ್ತು. ತಿಂಗಳು ಮುಗಿಯುತ್ತ ಬಂದಾಗ ಕಂಪ್ಯೂಟರಿನ ತಾರೀಖನ್ನೇ ಹಿಂದಕ್ಕೆ ಸರಿಸಿಬಿಡುತ್ತಿದ್ದೆ. ಅದು ಪಾಪ, ನಂಬಿ ಕೆಲಸ ಮಾಡುತ್ತಿತ್ತು. ಎಂಥ ಜಾಣ ನಾನು ಎಂದು ಬೀಗುತ್ತಿದ್ದೆ. ಆಗ ಉಳಿಸಿದ ಪ್ರತಿ ಫೈಲಿನ ಮೇಲೂ ಸುಳ್ಳು ದಿನ ಬೀಳುತ್ತಿತ್ತು — ಬೀಳಲಿ, ಯಾರು ನೋಡುತ್ತಾರೆ...

ಬಸುರಿ ಮಗಳ ಕುಬಸಕ್ಕೆಂದು ನೀವು ಹಾಡು ಕಟ್ಟಿದಿರಿ, ಸಾಲಹಳ್ಳಿಯ ನಿಮ್ಮ ಮನೆಯಲ್ಲಿ ಮೊದಲ ಸಲ ಹಾಡಿದಿರಿ. ಊಟಕ್ಕೆ ಬಂದಿದ್ದ ಕಿತ್ತೂರು ಕಡೆಯ ಹಾಡುಗಾರನೊಬ್ಬ ಅದನ್ನು ಕೇಳಿಕೊಂಡು, ಆಮೇಲೆ ನನ್ನ ಸ್ಟುಡಿಯೋಕ್ಕೆ ಬಂದು, ತನ್ನದೆಂದೇ ರೆಕಾರ್ಡ್ ಮಾಡಿಸಿಕೊಂಡ. ಅದು ಊರೂರ ಮೊಬೈಲಿಗೆ ಹೋಯಿತು. ಹಾಡು ನಿಮ್ಮದೆಂದು ನೀವು ಹೇಳಿದಿರಿ, ಕದ್ದದ್ದು ನೀವೇ ಎಂದು ಅವನು. ಮಾತು ಹಿರಿಯರವರೆಗೆ ಹೋಗಿ, ಸಾಕ್ಷಿಗೆ ನನ್ನ ಕಂಪ್ಯೂಟರ್ ಬಂತು. ನಾನು ಹಿಂದಕ್ಕೆ ಸರಿಸಿಟ್ಟಿದ್ದರಿಂದ ಅವನ ಫೈಲಿನ ತಾರೀಖು ಕುಬಸಕ್ಕಿಂತ ಹಿಂದಿನದಿತ್ತು.

"ಮನಷ್ಯಾ ಸುಳ್ಳ ಹೇಳಬಹುದು. ಮಷೀನ್ ಯಾಕ ಹೇಳತೈತಿ?" ಎಂದರು ಹಿರಿಯರೊಬ್ಬರು.

ನೀವು ನನ್ನ ಕಡೆ ತಿರುಗಿದಿರಿ. "ತಮ್ಮಾ, ನೀನ ಹೇಳಪಾ. ಆ ತಾರೀಖು ಖರೇ ಐತೇನು?"

"ಅದರಾಗ ಏನೈತಿ, ಅದನ್ನ ತೋರಿಸೇನ್ರಿ ಅಕ್ಕಾರ," ಎಂದೆ. ನನ್ನ ಪುಕ್ಕಟೆ ಆಟ ಬಯಲಾದೀತು, ಗಿರಾಕಿಗಳು ಕೈಬಿಟ್ಟಾರು — ತಲೆಯಲ್ಲಿ ಇದ್ದದ್ದು ಅಷ್ಟೇ.

ನೀವು ಬೈಯುತ್ತೀರಿ, ಜಗಳಕ್ಕೆ ನಿಲ್ಲುತ್ತೀರಿ ಎಂದುಕೊಂಡಿದ್ದೆ. ನೀವು ಎದ್ದು, ಆ ಹಾಡುಗಾರನಿಗೆ ಕೈಮುಗಿದಿರಿ. "ಹಂಗಾರ ನಾನ ಎಲ್ಲೋ ಕೇಳಿ, ನಂದ ಅಂತ ತಿಳಕೊಂಡಿರಬೇಕು. ತಪ್ಪಾತ್ರಿ."

ನನ್ನನ್ನು ಚುಚ್ಚಿದ್ದು ನೀವು ಸೋತದ್ದಲ್ಲ — ನೀವು ನಂಬಿಬಿಟ್ಟದ್ದು. ಸ್ವಂತ ನೆನಪಿಗಿಂತ ನನ್ನ ಡಬ್ಬಿ ನಿಮಗೆ ದೊಡ್ಡದಾಯಿತೇ? ಆಗಲೂ ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ನೀವು ಯಾರ ಮನೆಯಲ್ಲೂ ಹಾಡಿಲ್ಲವಂತೆ.

ಮೊನ್ನೆ ಬೈಲಹೊಂಗಲದಿಂದ ಕಂಪ್ಯೂಟರ್ ರಿಪೇರಿ ಮಾಡಲು ಬಂದವನು ಹೇಳುತ್ತಿದ್ದ: "ಹಳೇ ಸಿಸ್ಟಮ್‌ನ್ಯಾಗ ಸೆಕೆಂಡ್ ಎಣಸೂ ಜಾಗಾ ಸಣ್ಣದ್ರಿ. 2038ಕ್ಕ ಅದು ತುಂಬಿ, ತಾರೀಖು ನೂರು ವರ್ಷಕ್ಕಿಂತ ಹಿಂದಕ್ಕ ಜಿಗೀತೈತಿ. ಹೊಸಾವ್ರಾಗ ಜಾಗಾ ದೊಡ್ಡದ ಮಾಡ್ಯಾರ."

"ಹಂಗಾರ ಇನ್ನ ತಾರೀಖು ತಪ್ಪೂದಿಲ್ಲ?"

"ಯಾರರೆ ಕೈಯಾರೆ ಹಿಂದಕ್ಕ ಸರಿಸಿದ್ರ ಅದೇನ ಮಾಡೀತ್ರಿ? ಕೊಟ್ಟದ್ದ ಬರಕೋತೈತಿ."

2038ಕ್ಕೆ ಆಗುವುದಕ್ಕೆ ಜಗತ್ತು ಈಗಲೇ ಹೆದರುತ್ತಿದೆ. ನಾನು ತಿಂಗಳು ತಿಂಗಳೂ ಅದನ್ನೇ ನಗುತ್ತ ಮಾಡಿದ್ದೆ. ಕಂಪ್ಯೂಟರ್ ಮಾಡುವವರಿಗೆ ನನ್ನಂಥವನ ಮಾತೊಂದು ಮುಟ್ಟುವುದಾದರೆ — ತಾರೀಖಿಗೆ ದೊಡ್ಡ ಜಾಗ ಕೊಟ್ಟರೆ ಸಾಲದು, ಗಡಿಯಾರವನ್ನು ಹಿಂದೆ ಸರಿಸಿದ್ದನ್ನೂ ಅದರ ಪಕ್ಕದಲ್ಲೇ, ಯಾರೂ ಅಳಿಸದಂತೆ ಬರೆದಿಡಿ. ಆದರೆ ಅಂದು ಆ ಗುರುತೂ ಬೇಕಿರಲಿಲ್ಲ. ಸರಿಸಿದವನು ನಾನೇ ಪಕ್ಕದಲ್ಲಿ ಕೂತಿದ್ದೆ.

ಸೋಮವಾರ ಸಾಲಹಳ್ಳಿಗೆ ಬರುತ್ತೇನೆ. ಅದೇ ಹಿರಿಯರನ್ನು ಕೂಡಿಸಿ, ಎಲ್ಲರೆದುರು ಹೇಳುತ್ತೇನೆ. ಕ್ಷಮೆ ಕೇಳಲಾರೆ, ಮತ್ತೆ ಹಾಡಿ ಎನ್ನುವ ಮುಖವೂ ನನಗಿಲ್ಲ. ಇದೊಂದನ್ನು ಮಾತ್ರ ನಂಬಿ — ನೀವು ಏನನ್ನೂ ಮರೆತಿರಲಿಲ್ಲ, ಗಂಗಕ್ಕ.