ದಿಕ್ಸೂಚಿಯ ಹಿಂದಿನ ಗಣಪತಿ

ಗಣಪತಿಯ ಪೀಠದ ಅಡಿಯಲ್ಲಿ ಕೆಂಪು ಮಖಮಲ್ಲಿನ ಒಂದು ಮೂಲೆ ಎದ್ದು, ಒಳಗಿನ ಕಪ್ಪು ಆಯಸ್ಕಾಂತ ಕಾಣುತ್ತಿತ್ತು. ಉಪ್ಪುನೀರು ತಾಗಿ ಎಡಗಿವಿಯ ಬಣ್ಣ ಹೋಗಿತ್ತು. ಅದನ್ನು ಬಾಳೆಹಣ್ಣು, ಕಲ್ಲುಸಕ್ಕರೆಯ ನಡುವೆ ಬೆಳ್ಳಿ ತಟ್ಟೆಯಲ್ಲಿಟ್ಟು, ಚಿಕ್ಕಪ್ಪ ಬನಶಂಕರಿಯ ನಮ್ಮ ಮನೆಯ ಹಾಲ್‌ನಲ್ಲಿ ಕುಳಿತ ನೆಂಟರಿಗೂ ನೆರೆಯವರಿಗೂ ತೋರಿಸುತ್ತ ಒಂದು ಸುತ್ತು ಬಂದರು. ಎಲ್ಲರೂ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಇವನೇ ನೋಡಿ, ನಮ್ ಹುಡುಗೀನ ಸಮುದ್ರದಿಂದ ಎಳ್ಕೊಂಡ್ ಬಂದೋನು!"

ಆ ಮಾತಿನಲ್ಲಿ ಒಂದು ಅಂಶ ನಿಜ. ಎಳೆದದ್ದು ಅವನೇ. ಎಲ್ಲಿಗೆ ಎಂಬುದನ್ನು ಆ ಸಂಜೆ ಯಾರೂ ಕೇಳಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ನಾನು ಜಯನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಓದುವ ಕಾಲದಲ್ಲಿ ಹಲಸೂರು ಕೆರೆಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದೆ. ಆಮೇಲೆ ಪ್ರತಿ ರಜೆಯನ್ನೂ ಕಡಲತೀರದಲ್ಲಿ ಕಳೆದು, ಕೊನೆಗೆ ಪುಟ್ಟ ಕ್ಯಾಬಿನ್ ಇರುವ ಹಳೆಯ ದೋಣಿಯೊಂದನ್ನು ನನ್ನದಾಗಿಸಿಕೊಂಡೆ. ಆ ಬೇಸಿಗೆಯಲ್ಲಿ ಕಾರವಾರದಿಂದ ಮಲ್ಪೆಗೆ, ದಡ ಕಾಣದಷ್ಟು ಹೊರಗಿನಿಂದ, ಒಬ್ಬಳೇ ಹೋಗುವುದೆಂದು ನಿರ್ಧರಿಸಿದ್ದೆ. ಮನೆಯವರಿಗೆ ಇದು ಮದುವೆಯನ್ನು ಮುಂದೂಡುವ ಒಂದು ವಿಧಾನವಾಗಿ ಕಂಡಿತ್ತು. ನಾನು ತಿದ್ದಲು ಹೋಗಲಿಲ್ಲ.

ಚಿಕ್ಕಪ್ಪನಿಗೆ ಜೆ.ಪಿ. ನಗರದಲ್ಲಿ ಕಾರಿನ ಸೀಟ್ ಕವರು, ಸುಗಂಧದ ಡಬ್ಬಿ, ಡ್ಯಾಶ್‌ಬೋರ್ಡಿನ ದೇವರುಗಳನ್ನು ಮಾರುವ ಅಂಗಡಿಯಿತ್ತು. ನನ್ನ ಸಾಮಾನುಗಳನ್ನೆಲ್ಲ ತಮ್ಮ ವ್ಯಾನಿನಲ್ಲಿ ಕಾರವಾರಕ್ಕೆ ಸಾಗಿಸಿದವರು ಅವರೇ. ಹೊರಡುವ ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂಬೆಹಣ್ಣು ಹಿಡಿದು ನಿಂತರು.

"ಪುಟ್ಟಿ, ಇದಕ್ಕೆ ಚಕ್ರಾನೇ ಇಲ್ವಲ್ಲ. ನಿಂಬೆಹಣ್ಣು ಎಲ್ಲಿಡೋದು?"

"ಎಲ್ಲೂ ಬೇಡ ಚಿಕ್ಕಪ್ಪ."

"ಒಂದು ಪೂಜೆ? ಒಂದು ಫೋಟೋ? ಏನೂ ಇಲ್ದೆ ಗಾಡಿ ಎತ್ತಬಾರ್ದಮ್ಮ."

"ಇದು ಗಾಡಿ ಅಲ್ಲ. ಒಳಗೆ ಯಾವ ಸಾಮಾನು ಎಲ್ಲಿರಬೇಕು ಅಂತ ಲೆಕ್ಕ ಹಾಕಿ ಇಟ್ಟಿದೀನಿ. ಏನನ್ನೂ ಸೇರಿಸ್ಬೇಡಿ."

"ಆಯ್ತು ತಾಯಿ. ಸೈಂಟಿಸ್ಟು ನೀನು."

ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಮನುಷ್ಯ ಅವರಲ್ಲ. ಚಕ್ಕುಲಿ ಡಬ್ಬಿ ಇಟ್ಟು ಬರುತ್ತೇನೆಂದು ಕ್ಯಾಬಿನ್ನಿನೊಳಗೆ ಹೋದರು, ಕೈ ಒರೆಸಿಕೊಳ್ಳುತ್ತ ಹೊರಬಂದರು.

ಮೊದಲ ದಿನ ದಾರಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಇತ್ತು, ಚುಕ್ಕಾಣಿ ಹಿಡಿಯಲು ಬ್ಯಾಟರಿಯಿಂದ ನಡೆಯುವ ಒಂದು ಯಾಂತ್ರಿಕ ತೋಳಿತ್ತು. ಕ್ಯಾಬಿನ್ನಿನ ಹೊರಗೋಡೆಯಲ್ಲಿ ನನ್ನ ಎದುರಿಗೇ ಕೂರಿಸಿದ್ದ ದಿಕ್ಸೂಚಿಯನ್ನು ನೋಡುವ ಅಗತ್ಯ ಬೀಳಲಿಲ್ಲ. ಹೊರಡುವ ಹಿಂದಿನ ಸಂಜೆಯಷ್ಟೇ ಅದನ್ನು ಪರೀಕ್ಷಿಸಿದ್ದೆ.

ಎರಡನೆಯ ದಿನ ಮಧ್ಯಾಹ್ನ ನೈಋತ್ಯದ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ದೊಡ್ಡ ಹಾಯಿಯನ್ನು ಅರ್ಧಕ್ಕೆ ಇಳಿಸಿ ಕಟ್ಟಿದೆ. ನನ್ನ ಸೊಂಟದ ಪಟ್ಟಿಯನ್ನು ದೋಣಿಯ ಕೊಂಡಿಗೆ ಸಿಕ್ಕಿಸಿಕೊಂಡೆ. ಪಶ್ಚಿಮಕ್ಕೆ, ಇನ್ನೂ ಹೊರಗಿನ ಸಮುದ್ರಕ್ಕೆ, ದೋಣಿಯನ್ನು ತಿರುಗಿಸಿದೆ. ಬಿರುಗಾಳಿಯಲ್ಲಿ ಸಣ್ಣ ದೋಣಿಯನ್ನು ಒಡೆಯುವುದು ಆಳದ ನೀರಲ್ಲ, ದಡ. ಇದನ್ನು ದಕ್ಷಿಣ ಬೆಂಗಳೂರಿನ ಒಬ್ಬರಿಗಾದರೂ ಅರ್ಥ ಮಾಡಿಸಲು ನನಗೆ ಇವತ್ತಿಗೂ ಆಗಿಲ್ಲ. ಅವರ ಪ್ರಕಾರ ಸಮುದ್ರದಲ್ಲಿ ಕಷ್ಟ ಬಂದರೆ ಬೇಗ ದಡಕ್ಕೆ ಬಂದುಬಿಡಬೇಕು, ಮಳೆ ಬಂದಾಗ ಅಂಗಡಿಯ ಸೂರಿನ ಕೆಳಗೆ ಸ್ಕೂಟರ್ ನಿಲ್ಲಿಸಿದ ಹಾಗೆ.

ಗಾಳಿ ಬಂದ ಮೇಲೆ ಒಂದೊಂದೇ ಕೈಕೊಟ್ಟಿತು. ಯಾಂತ್ರಿಕ ತೋಳಿನ ಪಿನ್ನು ಮುರಿಯಿತು. ನಾನೇ ಚುಕ್ಕಾಣಿ ಹಿಡಿದೆ. ಮುಂದಿನ ಹಾಯಿ ಹೊಲಿಗೆಯ ಗುಂಟ ಹರಿದು ಪಟಪಟನೆ ಹೊಡೆದುಕೊಳ್ಳತೊಡಗಿತು. ತೆವಳುತ್ತ ಹೋಗಿ ಅದನ್ನು ಸುತ್ತಿ ಕಟ್ಟಿ ಬರುವಷ್ಟರಲ್ಲಿ ಒಂದು ಅಲೆ ನನ್ನ ಮೇಲೂ ಜಿಪಿಎಸ್ ಮೇಲೂ ಬಿದ್ದಿತು. ಅದರ ಪರದೆ ಒಮ್ಮೆ ಹೊಳೆದು ಆರಿಹೋಯಿತು. ಕೊಳ್ಳುವಾಗ ಅದರ ಡಬ್ಬಿಯ ಮೇಲೆ ನೀರು ತಾಗದು ಎಂದು ಬರೆದಿತ್ತು. ಯಾವ ನೀರು ಎಂದು ಬರೆದಿರಲಿಲ್ಲ.

ಉಳಿದದ್ದು ದಿಕ್ಸೂಚಿ. ದೋಣಿಯ ಮೂತಿ ಪಶ್ಚಿಮಕ್ಕಿದೆ ಎನ್ನುತ್ತಿತ್ತು ಅದು. ಮಳೆಯಲ್ಲಿ ದೋಣಿಯ ಮೂತಿಯಾಚೆಗೆ ಏನೂ ಕಾಣುತ್ತಿರಲಿಲ್ಲ. ಗಾಳಿಯನ್ನು ಎಡಗೆನ್ನೆಯ ಮೇಲೆ ಇಟ್ಟುಕೊಂಡು, ಮತ್ತೆ ಮತ್ತೆ ದಿಕ್ಸೂಚಿ ನೋಡಿಕೊಂಡು ಸಾಗಿದೆ. ಪಶ್ಚಿಮ, ಪಶ್ಚಿಮ, ಪಶ್ಚಿಮ. ತುಂಬ ಹೊತ್ತಿನ ಮೇಲೆ ಆ ನಿಷ್ಠೆಯೇ ನನಗೆ ಸರಿಕಾಣಲಿಲ್ಲ. ಪ್ರತಿ ಅಲೆಯೂ ದೋಣಿಯ ಮೂತಿಯನ್ನು ಪಕ್ಕಕ್ಕೆ ಎಸೆಯುತ್ತಿತ್ತು. ದಿಕ್ಸೂಚಿಯೊಳಗಿನ, ದಿಕ್ಕುಗಳನ್ನು ಬರೆದ ಬಿಲ್ಲೆ ತೂಗಾಡಬೇಕಿತ್ತು. ಅದು ಕದಲುತ್ತಲೇ ಇರಲಿಲ್ಲ. ಮೊದಲು ಎಡಮುಂಭಾಗಕ್ಕೆ ಬಡಿಯುತ್ತಿದ್ದ ಉದ್ದನೆಯ ಅಲೆಗಳು ಈಗ ಹಿಂದಿನಿಂದ ಎತ್ತುತ್ತಿದ್ದವು. ನೀರಿಗೆ ಮಣ್ಣಿನ ಬಣ್ಣ ಬಂದಿತ್ತು. ಒಂದು ತೆಂಗಿನ ಸಿಪ್ಪೆ ತೇಲಿ ಹೋಯಿತು.

ನೈಋತ್ಯದ ಬಿರುಗಾಳಿ ಸುತ್ತಿಕೊಂಡು ಈಗ ವಾಯವ್ಯದಿಂದ ಬೀಸುತ್ತಿತ್ತು. ಅದನ್ನು ಎಡಗೆನ್ನೆಯ ಮೇಲೇ ಇಟ್ಟುಕೊಂಡು ನಾನೂ ಜೊತೆಗೆ ತಿರುಗಿದ್ದೆ. ಹಾಗೆ ತಿರುಗಿದ್ದನ್ನು ಹೇಳಬೇಕಾದ ಉಪಕರಣ ಸುಮ್ಮನಿತ್ತು.

ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು ಕ್ಯಾಬಿನ್ನಿನೊಳಗೆ ತಲೆ ಹಾಕಿ, ಗೋಡೆಯ ಗೂಡಿನಲ್ಲಿದ್ದ ಚಕ್ಕುಲಿ ಡಬ್ಬಿಯನ್ನು ಸರಿಸಿದೆ. ದಿಕ್ಸೂಚಿಯ ಹಿಂಭಾಗಕ್ಕೆ ಸರಿಯಾಗಿ, ನಡುವೆ ತೆಳುವಾದ ಹಲಗೆಯಷ್ಟೇ ಇರುವಂತೆ, ಅಂಟುಪಟ್ಟಿಯ ಮೇಲೆ ಒಂದು ತಗಡು, ತಗಡಿನ ಮೇಲೆ ಗಣಪತಿ. ಸುತ್ತ ಅರಿಶಿನ, ಕುಂಕುಮ. ಅಂಟಿಸುವವರು ದೇವರ ಮುಖ ಎತ್ತ ಇರಬೇಕೆಂದು ಯೋಚಿಸಿದ್ದರು. ಆಯಸ್ಕಾಂತದ ಮುಖ ಎತ್ತ ಇರುತ್ತದೆಂದು ಯೋಚಿಸಿರಲಿಲ್ಲ.

ಅದನ್ನು ಕಿತ್ತು ದೋಣಿಯ ಹಿಂತುದಿಯ ಪೆಟ್ಟಿಗೆಗೆ ಹಾಕಿ ಬಂದು ನೋಡಿದೆ. ಬಿಲ್ಲೆ ಗಿರ್ರನೆ ತಿರುಗಿ, ತೂಗಾಡಿ ನಿಂತಿತು. ಅದರ ಪ್ರಕಾರ ದೋಣಿಯ ಮೂತಿ ಇದ್ದದ್ದು ಉತ್ತರಕ್ಕೆ, ಪೂರ್ವಕ್ಕೆ ಕೊಂಚ ವಾಲಿ. ಅಂದರೆ ನಾನು ದಡದತ್ತಲೇ ಹೋಗುತ್ತಿದ್ದೆ. ಅಷ್ಟರಲ್ಲಿ ಮಳೆಯ ಸದ್ದಿನ ಕೆಳಗಿನಿಂದ ಇನ್ನೊಂದು ಸದ್ದು ಕೇಳಿತು, ಲಾರಿಗಳು ಸಾಲಾಗಿ ಜಲ್ಲಿ ಸುರಿಯುವಂಥದು. ಬಂಡೆಗೆ ನೀರು ಬಡಿದು ಒಡೆಯುವ ಸದ್ದು.

ಮುಂದಿನ ಹಾಯಿ ಇಲ್ಲದ ದೋಣಿ ಗಾಳಿಗೆ ಎದುರಾಗಿ ತಿರುಗಲು ಒಪ್ಪಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ. ಅರ್ಧ ತಿರುಗಿ ಹಿಂದೆ ಬಿದ್ದಿತು. ಉಳಿದ ದಾರಿ ಒಂದೇ, ಗಾಳಿಗೆ ಬೆನ್ನು ಕೊಟ್ಟು ಆಚೆಯಿಂದ ಸುತ್ತಿ ಬರುವುದು. ಅದಕ್ಕೆ ಮೊದಲು ದಡದತ್ತ ಇನ್ನಷ್ಟು ಓಡಬೇಕು. ಓಡಿಸಿದೆ. ಬಿಳಿ ನೊರೆ ಕಂಡಿತು, ನೊರೆಯೊಳಗೆ ಕಪ್ಪು ಕಂಡಿತು. ಹಾಯಿಯ ಹಗ್ಗ ಅಂಗೈಯ ಚರ್ಮ ಕಿತ್ತುಕೊಂಡು ಹೋಯಿತು, ಹಾಯಿಯ ಬುಡಕ್ಕೆ ಕಟ್ಟಿದ ಅಡ್ಡದಿಮ್ಮಿ ತಲೆಯ ಮೇಲಿಂದ ಬೀಸಿ ಆಚೆ ಬಡಿಯಿತು. ದೋಣಿ ಸುತ್ತಿ ಬಂದು ಪಶ್ಚಿಮಕ್ಕೆ ಮುಖ ಮಾಡಿತು. ಈ ಸಲ ದಿಕ್ಸೂಚಿಯೂ ತೂಗಾಡುತ್ತಲೇ ಅದನ್ನು ಒಪ್ಪಿಕೊಂಡಿತು.

ಆ ರಾತ್ರಿಯನ್ನು ಹೊರಗಿನ ಸಮುದ್ರದಲ್ಲಿ ಕಳೆದು, ಗಾಳಿ ಇಳಿದ ಮೇಲೆ ಮಲ್ಪೆ ಸೇರಿದೆ. ಗಣಪತಿಯನ್ನು ನೀರಿಗೆ ಎಸೆಯಲಿಲ್ಲ. ಸಾಕ್ಷ್ಯವನ್ನು ಎಸೆಯುವ ಅಭ್ಯಾಸ ನನಗಿಲ್ಲ.

ದೋಣಿಯನ್ನು ಮಲ್ಪೆಯಲ್ಲೇ ಬಿಟ್ಟು ಬಂದೆ. ಮಳೆಗಾಲಕ್ಕೆ ಮೊದಲು ಅದನ್ನು ಮತ್ತೆ ಕಾರವಾರಕ್ಕೆ ಒಯ್ಯಬೇಕಿತ್ತು. ಮನೆಗೆ ಬಂದವಳು ಗಣಪತಿಯನ್ನು ಚಿಕ್ಕಪ್ಪನ ಮುಂದಿಟ್ಟು, ಆಯಸ್ಕಾಂತ ಮಾಡಿದ್ದನ್ನು ಒಂದೊಂದಾಗಿ ಹೇಳಿದೆ. ಅವರು ಕೈಮುಗಿದು ಕೇಳಿದರು. ಕಣ್ಣಲ್ಲಿ ನೀರಿತ್ತು.

"ಅಂದ್ರೆ ನೀನು ಸಮುದ್ರದ ಒಳಗೊಳಗೆ ಹೋಗ್ತಿದ್ದೆ, ಅವನು ನಿನ್ನ ದಡದ ಕಡೆಗೆ ಎಳೀತಿದ್ದ."

"ಬಂಡೆ ಕಡೆಗೆ."

"ದಡ ತಾನೇ ಪುಟ್ಟಿ?"

ಸೋಫಾದ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆ ಎತ್ತಿದರು. "ವರ್ಷ ವರ್ಷ ನೀರಲ್ಲಿ ಮುಳುಗ್ಸೋ ದೇವ್ರನ್ನ ತಗೊಂಡ್ ಹೋಗಿ ದೋಣೀಲಿ ಕೂರಿಸಿದ್ಯಲ್ಲೋ, ಮುಂಡೇದೇ! ನಿಂಗೆ ಬೇರೆ ದೇವ್ರೇ ಸಿಗ್ಲಿಲ್ವಾ?"

ಆ ಮನೆಯಲ್ಲಿ ನನಗೆ ಸಿಕ್ಕ ಅತ್ಯಂತ ವೈಜ್ಞಾನಿಕ ಬೆಂಬಲ ಅದು.

ಅದಾದ ಮೇಲೆ ಬಂದದ್ದೇ ಮೊದಲು ಹೇಳಿದ ಆ ಸಂಜೆ. ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪಕ್ಕದ ಮನೆಯ ಅಂಕಲ್ "ಭಯ ಆಗ್ಲಿಲ್ವೇನಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ತಾವು ಒಮ್ಮೆ ತಲಕಾಡಿನಲ್ಲಿ ತೆಪ್ಪ ಹತ್ತಿದ್ದನ್ನು ವಿವರಿಸಿದರು. ಕೊನೆಯಲ್ಲಿ ಚಿಕ್ಕಪ್ಪ ಎದ್ದು ನಿಂತು ಒಂದು ಪೆಟ್ಟಿಗೆ ತೆರೆದರು. ಒಳಗೆ ಹಳೆಯದರ ಎರಡರಷ್ಟು ಎತ್ತರದ ಗಣಪತಿ.

"ಮುಂದಿನ ವಾರ ನಾನೇ ಮಲ್ಪೆಗೆ ಹೋಗಿ ಫಿಟ್ ಮಾಡಿ ಬರ್ತೀನಿ. ಇದ್ರ ಮ್ಯಾಗ್ನೆಟ್ ಸಖತ್ ಸ್ಟ್ರಾಂಗು. ಎಂಥಾ ಅಲೆ ಬಂದ್ರೂ ಅಲ್ಲಾಡಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬುಟ್ಟಿಯಿಂದ ಒಂದು ಮೂಸಂಬಿ ತೆಗೆದು ಸಿಪ್ಪೆ ಸುಲಿದೆ. ಕ್ಯಾಬಿನ್ನಿನ ಬಾಗಿಲಿಗೆ ಆವರೆಗೆ ಒಂದು ಚಿಲಕವಷ್ಟೇ ಇತ್ತು.

ಮರುದಿನ ಬೆಳಿಗ್ಗೆ ಪಾಠಕ್ಕೆ ಬಳಸುವ ನನ್ನ ಪುಟ್ಟ ದಿಕ್ಸೂಚಿಯನ್ನು ತೆಗೆದುಕೊಂಡು ಜೆ.ಪಿ. ನಗರದ ಅಂಗಡಿಗೆ ಹೋದೆ. ಕೊನೆಯದಾಗಿ ಒಮ್ಮೆ ಕಣ್ಣಾರೆ ತೋರಿಸೋಣ ಎಂದುಕೊಂಡಿದ್ದೆ. ಗಾಜಿನ ಮೇಲೆ ಸಾಲಾಗಿ ನಿಂತ ಗಣಪತಿಗಳ ಪಕ್ಕ ಅದನ್ನಿಟ್ಟೆ. ಮುಳ್ಳು ಉತ್ತರ ಬಿಟ್ಟು ಸರಕ್ಕನೆ ಅವುಗಳತ್ತ ತಿರುಗಿತು. ಚಿಕ್ಕಪ್ಪ ಒಂದು ಕ್ಷಣ ಅದನ್ನೇ ನೋಡಿದರು. ನಂತರ ಸೀಟ್ ಕವರ್ ಆರಿಸುತ್ತಿದ್ದ ಗಿರಾಕಿಯನ್ನು ಕರೆದರು.

"ಸಾರ್, ಬನ್ನಿ ಇಲ್ಲಿ. ಪವರ್ ನೋಡಿ, ಪವರ್!"

"ಅಬ್ಬಾ! ಅದೇ ಕೊಡಿ ಗುರು, ನಮ್ ಬಾಮೈದಂಗೂ ಒಂದು," ಎಂದ ಗಿರಾಕಿ.

ನಾನು ದಿಕ್ಸೂಚಿಯನ್ನು ಜೇಬಿಗಿಟ್ಟುಕೊಂಡು ರಸ್ತೆ ದಾಟಿ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬೀಗ ಬೇಕು ಎಂದೆ. ಮೊದಲು ಕೊಟ್ಟದ್ದು ಉಕ್ಕಿನದು. ಜೇಬಿನ ದಿಕ್ಸೂಚಿಯನ್ನು ತೆಗೆದು ಅದರ ಪಕ್ಕಕ್ಕಿಟ್ಟಾಗ ಮುಳ್ಳು ಓಡಿತು. ವಾಪಸ್ ಕೊಟ್ಟೆ. ಎರಡನೆಯದು ಪೂರ್ತಿ ಹಿತ್ತಾಳೆಯದು. ಮುಳ್ಳು ಕದಲಲಿಲ್ಲ. ಅದನ್ನು ಕೊಂಡೆ. ಅದರ ಜೊತೆ ಎರಡು ಕೀಲಿಗಳು ಬಂದವು. ಎರಡನ್ನೂ ನನ್ನ ಚೀಲಕ್ಕೆ ಹಾಕಿಕೊಂಡು, ಮಲ್ಪೆಗೆ ಟಿಕೆಟ್ ಮಾಡಿಸಲು ಬಸ್ ಹತ್ತಿದೆ.